ಚೀಟಿಯಲ್ಲಿ ಒಂದು ತಾರೀಖು, ಪರದೆಯಲ್ಲಿ ಇನ್ನೊಂದು: ಬೈನರಿ ಫೈಲಿನ ದಿನಾಂಕ ತಪ್ಪಿದಾಗ ದೋಷ ಹುಡುಕುವ ಬಗೆ

ಬಲಿಪಾಡ್ಯಮಿ ಸಂಜೆ ತೂಕ ಹಾಕಿಸಿದ ಮೆಕ್ಕೆಜೋಳದ ಲಾರಿ ಅದು. ರೈತರ ಕೈಯಲ್ಲಿದ್ದ ಚೀಟಿಯಲ್ಲಿ 14-11-2023, 18:47:22 ಅಂತ ಅಚ್ಚಾಗಿತ್ತು. ಹೊಸ ಕಂಪ್ಯೂಟರ್‌ನಲ್ಲಿ ಅದೇ ಚೀಟಿ ನಂಬರ್ ಹೊಡೆದರೆ ಬಂದದ್ದು 15-11-2023, 00:17:22.

"ಹಬ್ಬದ ದಿನ ಸಂಜಿಗೆ ನಾನೇ ನಿಂತು ತೂಕ ಹಾಕ್ಸೀನ್ರಿ. ನಿಮ್ಮ ಮಷಿನ್ನು ಮಾರನೇ ದಿನ ಮಧ್ಯರಾತ್ರಿ ಅಂತೈತಲ್ರೀ" ಎಂದು ಅವರು ಕೇಳಿದರು. ಕೇಳಿದ್ದು ನ್ಯಾಯವಾಗಿಯೇ ಇತ್ತು. ಮೆಕ್ಕೆಜೋಳದ ದರ ದಿನದಿನಕ್ಕೂ ಏರಿಳಿಯುತ್ತದೆ. ತಾರೀಖು ಒಂದು ದಿನ ಜಾರಿದರೆ ದುಡ್ಡಿನ ಲೆಕ್ಕವೂ ಜಾರುತ್ತದೆ.

ನಾನು ದಾವಣಗೆರೆಯಲ್ಲಿ ಪಿ.ಬಿ. ರಸ್ತೆ ಆಸುಪಾಸಿನ ಕೆಲವು ವೇಬ್ರಿಡ್ಜ್‌ಗಳ ಕಂಪ್ಯೂಟರ್ ಕೆಲಸ ನೋಡಿಕೊಳ್ಳುತ್ತೇನೆ. ಈ ವೇಬ್ರಿಡ್ಜ್‌ನ ಹಳೆ ಕಂಪ್ಯೂಟರ್ ಆ ಹಬ್ಬ ಮುಗಿದ ಸ್ವಲ್ಪ ದಿನಕ್ಕೆ ನಿಂತುಹೋಯಿತು. ಹಾರ್ಡ್ ಡಿಸ್ಕ್‌ನಿಂದ ಡೇಟಾ ಫೈಲ್ ಮಾತ್ರ ಸಿಕ್ಕಿತು. ಓದಬಲ್ಲ ಅಕ್ಷರಗಳಲ್ಲಿ ಅಲ್ಲ, ಬರೀ ಬೈಟ್‌ಗಳಲ್ಲಿ (0ಯಿಂದ 255ರವರೆಗಿನ ಸಂಖ್ಯೆಗಳಲ್ಲಿ) ಬರೆದ ಬೈನರಿ ಫೈಲ್ ಅದು. ಅದನ್ನು ಓದುವ ಪ್ರೋಗ್ರಾಂ ಬರೆದು ಹೊಸ ಸಿಸ್ಟಂಗೆ ತುಂಬಿದವನು ನಾನೇ. ತಪ್ಪು ಎಲ್ಲಿ ಹೊಕ್ಕಿತು, ಅದನ್ನು ಹೇಗೆ ಹಿಡಿದೆ, ಇಂಥದೇ ಬೇರೆ ತಪ್ಪುಗಳನ್ನು ಹೇಗೆ ಗುರುತಿಸಬೇಕು ಅನ್ನೋದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಮೊದಲು ಚೀಟಿ, ಆಮೇಲೆ ಬೈಟ್

ಹೆಚ್ಚಿನವರು ಮೊದಲು, ಫೈಲಿನ ಬೈಟ್‌ಗಳನ್ನು ಇದ್ದ ಹಾಗೇ ತೋರಿಸುವ ಹೆಕ್ಸ್ ಎಡಿಟರ್ ತೆರೆಯುತ್ತಾರೆ. ನಾಲ್ಕು ಬೈಟ್ ಹಿಡಿದು ದಿನಾಂಕಕ್ಕೆ ತಿರುಗಿಸುತ್ತಾರೆ. ಬಂದ ತಾರೀಖು ಸರಿ ಕಂಡರೆ ಮುಂದಕ್ಕೆ ಹೋಗುತ್ತಾರೆ. ಈ ದಾರಿ ಬೇಡ. ಸರಿ ಕಾಣುವ ತಾರೀಖು ಸರಿಯಾದ ತಾರೀಖೇ ಆಗಿರಬೇಕು ಅಂತೇನೂ ಇಲ್ಲ. ಇದಕ್ಕೆ ಒಂದು ಉದಾಹರಣೆ ಮುಂದೆ ಬರುತ್ತದೆ.

ಮೊದಲು ಫೈಲಿನ ಒಂದು ಪ್ರತಿ ಮಾಡಿಕೊಂಡು, ಮೂಲವನ್ನು ಓದಲು ಮಾತ್ರ ಅಂತ ಇಟ್ಟುಬಿಡಿ. ಹಳೆ ಪ್ರೋಗ್ರಾಂನಿಂದ ಅದನ್ನು ತೆರೆಯಬೇಡಿ. ಕೆಲವು ಪ್ರೋಗ್ರಾಂ ತೆರೆದ ಕೂಡಲೇ ಫೈಲಿನ ತಲೆಭಾಗದಲ್ಲಿ ಹೊಸ ತಾರೀಖು ಬರೆದುಬಿಡುತ್ತವೆ.

ಆಮೇಲೆ ಕಾಗದದ ಚೀಟಿ ಹುಡುಕಿ. ಯಾವುದೋ ಕೈಗೆ ಸಿಕ್ಕ ಚೀಟಿ ಸಾಲದು, ಆರಿಸಿ ತೆಗೆಯಬೇಕು. ತಾರೀಖು 12ಕ್ಕಿಂತ ಜಾಸ್ತಿ ಇರುವ ಒಂದು ಚೀಟಿ ಬೇಕು, ಆಗ ದಿನ ಯಾವುದು ತಿಂಗಳು ಯಾವುದು ಎಂಬ ಗೊಂದಲ ಇರುವುದಿಲ್ಲ. ಸಂಜೆ ಆರೂವರೆ ಮೇಲಿನದು ಒಂದು, ಬೆಳಗಿನ ಐದೂವರೆಗೆ ಮುಂಚಿನದು ಒಂದು ಇರಲಿ. ಭಾರತದ ಸಮಯಕ್ಕೂ ಯುಟಿಸಿಗೂ (ಜಗತ್ತಿಗೆಲ್ಲ ಒಂದೇ ಆದ ಮೂಲ ಸಮಯ) ಇರುವ ಐದೂವರೆ ಗಂಟೆ ಅಂತರದ ತಪ್ಪು ತಾರೀಖನ್ನೇ ಬದಲಿಸುವುದು ಈ ಎರಡು ಹೊತ್ತಿನಲ್ಲಿ ಮಾತ್ರ. ಮಧ್ಯಾಹ್ನದ ಚೀಟಿ ಹಿಡಿದು ತಾರೀಖು ಹೋಲಿಸಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಸೆಕೆಂಡು ಬೆಸ ಸಂಖ್ಯೆ ಇರುವ ಚೀಟಿಯೂ ಒಂದಿರಲಿ, ಅದು ಯಾಕೆ ಅಂತ ಆಮೇಲೆ ಹೇಳುತ್ತೇನೆ. ಒಂದರ ಹಿಂದೆ ಒಂದು ಬಂದ ಎರಡು ಲಾರಿಗಳ ಚೀಟಿ ಸಿಕ್ಕರಂತೂ ತುಂಬಾ ಒಳ್ಳೆಯದು.

ನನ್ನ ಹತ್ತಿರ ಇದ್ದವು ಎರಡು. ಚೀಟಿ ನಂಬರ್ 24,102, ಸಮಯ 18:47:22. ಅದರ ಹಿಂದೆಯೇ ಬಂದ 24,103, ಸಮಯ 18:51:05. ಎರಡೂ ನವೆಂಬರ್ 14ರವು.

ರೆಕಾರ್ಡ್ ಎಷ್ಟು ಉದ್ದ?

ಇದು ಸುಲಭದ ಕೆಲಸ. ಫೈಲಿನ ಗಾತ್ರ 11,76,800 ಬೈಟ್ ಇತ್ತು. ಕೊನೆಯ ಚೀಟಿ ನಂಬರ್ 24,516. ಭಾಗಿಸಿದರೆ ಒಂದು ಚೀಟಿಗೆ 48 ಬೈಟ್, ಉಳಿಯುವುದು 32. ಅಂದರೆ ಮೊದಲ 32 ಬೈಟ್ ಫೈಲಿನ ಹೆಡರ್, ಆಮೇಲೆ 48 ಬೈಟಿನ ರೆಕಾರ್ಡ್‌ಗಳು ಸಾಲಾಗಿವೆ. ಹೀಗೆ ಚೊಕ್ಕವಾಗಿ ಬರದಿದ್ದರೆ ರೆಕಾರ್ಡ್‌ಗಳ ಉದ್ದ ಒಂದೊಂದಕ್ಕೆ ಒಂದೊಂದು ಥರ ಇರಬಹುದು, ಇಲ್ಲವೇ ಅಳಿಸಿದ ಚೀಟಿಗಳೂ ಫೈಲಿನಲ್ಲಿ ಕೂತಿರಬಹುದು.

ಊಹಿಸಬೇಡಿ, ಹುಡುಕಿ

ಚೀಟಿಯ ಸಮಯವನ್ನು ನಾವೇ ಸಂಖ್ಯೆಗೆ ತಿರುಗಿಸಿಕೊಂಡು, ಆ ಸಂಖ್ಯೆ ಫೈಲಿನಲ್ಲಿ ಎಲ್ಲಿದೆ ಅಂತ ಹುಡುಕಬೇಕು. ಬೈಟ್‌ನಿಂದ ತಾರೀಖಿಗೆ ಹೋಗುವ ದಾರಿಯಲ್ಲಿ ಕವಲುಗಳು ಜಾಸ್ತಿ. ಗೊತ್ತಿರುವ ತಾರೀಖಿನಿಂದ ಬೈಟ್‌ಗೆ ಹೋದರೆ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಇಲ್ಲ. ನಡುವೆ ಅನುಮಾನಕ್ಕೆ ಜಾಗ ಇರುವುದಿಲ್ಲ.

ಎಲ್ಲಕ್ಕಿಂತ ಸಾಮಾನ್ಯ ಪದ್ಧತಿ ಯೂನಿಕ್ಸ್ ಸಮಯ. 1970ರ ಜನವರಿ 1, ಯುಟಿಸಿ ಮಧ್ಯರಾತ್ರಿಯಿಂದ ಎಷ್ಟು ಸೆಕೆಂಡು ಕಳೆಯಿತು ಅನ್ನುವ ಲೆಕ್ಕ ಅದು. ನಮ್ಮ ಚೀಟಿಯ 18:47:22 ಅಂದರೆ ಯುಟಿಸಿಯಲ್ಲಿ 13:17:22. 1970ರಿಂದ 2023ರ ನವೆಂಬರ್ 14ರವರೆಗೆ 19,675 ದಿನ. ಅದನ್ನು 86,400ರಿಂದ ಗುಣಿಸಿದರೆ 1699920000. ಆ ದಿನದ ಸೆಕೆಂಡುಗಳು 47,842. ಕೂಡಿದರೆ 1699967842.

ಈ ಸಂಖ್ಯೆಯನ್ನು ಹೆಕ್ಸ್‌ನಲ್ಲಿ, ಅಂದರೆ ಹದಿನಾರರ ಲೆಕ್ಕದಲ್ಲಿ ಬರೆದರೆ 65 53 73 62. ಇಂಟೆಲ್ ಥರದ ಪ್ರೊಸೆಸರ್‌ಗಳಲ್ಲಿ ಚಿಕ್ಕ ಬೆಲೆಯ ಬೈಟ್ ಮೊದಲು ಬರುತ್ತದೆ. ಇದಕ್ಕೆ ಲಿಟಲ್ ಎಂಡಿಯನ್ ಎನ್ನುತ್ತಾರೆ. ಹಾಗಾಗಿ ಫೈಲಿನಲ್ಲಿ ಹುಡುಕಬೇಕಾದದ್ದು 62 73 53 65. ಹೆಕ್ಸ್ ಎಡಿಟರ್‌ನಲ್ಲಿ ಹುಡುಕಿದೆ. ಇಡೀ ಫೈಲಿನಲ್ಲಿ ಒಂದೇ ಕಡೆ ಸಿಕ್ಕಿತು, 11,56,892ನೇ ಸ್ಥಾನದಲ್ಲಿ. ಹೆಡರ್‌ನ 32 ಕಳೆದು 48ರಿಂದ ಭಾಗಿಸಿದರೆ ಉಳಿಯುವುದು 12, ಬರುವ ಭಾಗಲಬ್ಧ 24,101. ಸೊನ್ನೆಯಿಂದ ಎಣಿಸಿದರೆ ಅದೇ 24,102ನೇ ಚೀಟಿ. ರೆಕಾರ್ಡ್‌ನ 12ನೇ ಬೈಟ್‌ನಿಂದ ಸಮಯ ಶುರುವಾಗುತ್ತದೆ ಎಂದು ಅಲ್ಲಿಗೆ ಗಟ್ಟಿಯಾಯಿತು. ನಾಲ್ಕು ಬೈಟಿನಲ್ಲಿ ಸುಮಾರು 429 ಕೋಟಿ ಬೇರೆ ಬೇರೆ ಸಂಖ್ಯೆ ಹಿಡಿಯುತ್ತವೆ. ಹನ್ನೆರಡು ಲಕ್ಷ ಬೈಟೂ ಇಲ್ಲದ ಫೈಲಿನಲ್ಲಿ, ಅದೂ ಸರಿಯಾದ ಚೀಟಿಯ ಜಾಗದಲ್ಲೇ, ಅದು ಆಕಸ್ಮಿಕವಾಗಿ ಬರುವುದಿಲ್ಲ ಅಲ್ವಾ?

ಚೀಟಿಯಲ್ಲಿ ಸೆಕೆಂಡು ಅಚ್ಚಾಗಿಲ್ಲದಿದ್ದರೆ ಮೊದಲ ಬೈಟ್ ಬಿಟ್ಟು 73 53 65 ಮಾತ್ರ ಹುಡುಕಿ. ಆ ಮೂರು ಬೈಟ್ 256 ಸೆಕೆಂಡುಗಳನ್ನು ಹಿಡಿಯುತ್ತವೆ. ನಮ್ಮ ಉದಾಹರಣೆಯಲ್ಲಿ 18:45:44ರಿಂದ 18:49:59ರವರೆಗೆ. ನಿಮ್ಮ ನಿಮಿಷ ಎರಡು ಗುಂಪಿನ ಗಡಿಯಲ್ಲಿ ಬಿದ್ದಿದ್ದರೆ ಎರಡನ್ನೂ ಹುಡುಕಬೇಕಾಗುತ್ತದೆ.

ಇನ್ನೊಂದು ವಿಷಯವನ್ನು ಕಣ್ಣಿನಿಂದಲೇ ನೋಡಬಹುದು. ಹೆಕ್ಸ್ ಎಡಿಟರ್‌ನ ಸಾಲಿನ ಅಗಲವನ್ನು 48 ಬೈಟ್‌ಗೆ ಇಡಿ, ಹೆಡರ್ ಬಿಟ್ಟು ಶುರುಮಾಡಿ. ಆಗ ಒಂದು ಸಾಲಿಗೆ ಒಂದು ಲಾರಿ. ಸಮಯದ ನಾಲ್ಕು ಕಾಲಂ ಮೇಲಿನಿಂದ ಕೆಳಗೆ ನೋಡುತ್ತಾ ಬನ್ನಿ. ಮೊದಲ ಬೈಟ್ ಪ್ರತಿ ಸಾಲಿನಲ್ಲೂ ಹುಚ್ಚಾಪಟ್ಟೆ ಬದಲಾಗುತ್ತಿರುತ್ತದೆ. ಎರಡನೆಯದು ನಾಲ್ಕು ನಿಮಿಷಕ್ಕೊಮ್ಮೆ ಒಂದೊಂದೇ ಏರುತ್ತದೆ. ಮೂರನೆಯದು ಸುಮಾರು 18 ಗಂಟೆಗೊಮ್ಮೆ. ನಾಲ್ಕನೆಯದು 194 ದಿನಕ್ಕೊಮ್ಮೆ. 65 ಎಂಬ ಆ ಕೊನೆಯ ಬೈಟ್ 2023ರ ಸೆಪ್ಟೆಂಬರ್ 12ರಿಂದ 2024ರ ಮಾರ್ಚ್ 24ರವರೆಗೆ ಹಾಗೇ ನಿಂತಿರುತ್ತದೆ. ಮೆಕ್ಕೆಜೋಳದ ಇಡೀ ಸುಗ್ಗಿ ಅದರೊಳಗೆ ಬಂದುಬಿಡುತ್ತದೆ. 65 ಅನ್ನೋದು ಆಸ್ಕಿಯಲ್ಲಿ (ಅಕ್ಷರಗಳಿಗೆ ಸಂಖ್ಯೆ ಕೊಡುವ ಪಟ್ಟಿಯಲ್ಲಿ) ಇಂಗ್ಲಿಷ್‌ನ ಸಣ್ಣ ‘ಇ’ ಅಕ್ಷರ. ಹಾಗಾಗಿ ಬಲಗಡೆಯ ಅಕ್ಷರದ ಭಾಗದಲ್ಲಿ ಅದೇ ‘ಇ’ ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದ ಹಾಗೆ ಕಾಣುತ್ತದೆ. ಇದು ಸಮಯ ಅಂತ ಗೊತ್ತಿಲ್ಲದವರು ಅದನ್ನು ಯಾವುದೋ ಪದದ ತುಂಡು ಅಂದುಕೊಳ್ಳುವ ಸಾಧ್ಯತೆ ಇದೆ.

ಸರಿ ಕಂಡ ತಪ್ಪು ತಾರೀಖು

ಈಗ ಆ ಉದಾಹರಣೆಗೆ ಬರೋಣ. ಮೊದಲ ಸಲ ನಾನು ಚೀಟಿ ಇಲ್ಲದೆ ಓದಿದ್ದೆ. ಬೈಟ್‌ಗಳನ್ನು ಇದ್ದ ಕ್ರಮದಲ್ಲೇ, ಅಂದರೆ ಬಿಗ್ ಎಂಡಿಯನ್ ಆಗಿ ತೆಗೆದುಕೊಂಡೆ. 62 73 53 65 ಎಂದರೆ 1651725157. ಅದನ್ನು ಭಾರತದ ಸಮಯಕ್ಕೆ ತಿರುಗಿಸಿದರೆ 2022ರ ಮೇ 5, ಬೆಳಿಗ್ಗೆ 10:02:37.

ಈ ಸಮಯದಲ್ಲಿ ಏನು ತಪ್ಪಿದೆ? ವೇಬ್ರಿಡ್ಜ್ ಆ ವರ್ಷವೂ ನಡೆಯುತ್ತಿತ್ತು. ಬೆಳಿಗ್ಗೆ ಹತ್ತು ಗಂಟೆಗೆ ಲಾರಿ ಬರುತ್ತದೆ. ಒಂದೇ ರೆಕಾರ್ಡ್ ನೋಡಿ ಒಪ್ಪಿಕೊಂಡಿದ್ದರೆ ಮುಗಿಯಿತು.

ಸಿಕ್ಕಿಬಿದ್ದದ್ದು ಮುಂದಿನ ರೆಕಾರ್ಡ್‌ನಲ್ಲಿ. 24,103ನೇ ಚೀಟಿಯ ಬೈಟ್‌ಗಳು 41 74 53 65. ಅದನ್ನೂ ಅದೇ ಕ್ರಮದಲ್ಲಿ ಓದಿದರೆ 2004ರ ಅಕ್ಟೋಬರ್ 19, ಬೆಳಗಿನ ಜಾವ 05:06:05 ಬಂತು. ಹಿಂದೆಯೇ ಬಂದ ಲಾರಿ 17 ವರ್ಷ ಹಿಂದಕ್ಕೆ ಹೋಗುವುದಕ್ಕೆ ಸಾಧ್ಯವಿಲ್ಲ. ಸರಿಯಾದ ಕ್ರಮದಲ್ಲಿ ಓದಿದರೆ ಎರಡರ ನಡುವೆ ಅಂತರ 223 ಸೆಕೆಂಡು, ಅಂದರೆ ಮೂರು ನಿಮಿಷ 43 ಸೆಕೆಂಡು. ಚೀಟಿಗಳಲ್ಲಿ ಇರುವುದೂ ಅಷ್ಟೇ.

ಹಾಗಾಗಿ ಒಂದೇ ರೆಕಾರ್ಡ್‌ನಿಂದ ಯಾವತ್ತೂ ತೀರ್ಮಾನ ಮಾಡಬೇಡಿ. ಕನಿಷ್ಠ ಇಪ್ಪತ್ತು ರೆಕಾರ್ಡ್ ಸಾಲಾಗಿ ಓದಿ. ಚೀಟಿ ನಂಬರ್ ಏರಿದ ಹಾಗೆ ಸಮಯವೂ ಏರುತ್ತಿದೆಯೇ ನೋಡಿ. ವರ್ಷಗಳು ಮುಂದಕ್ಕೆ ಹಿಂದಕ್ಕೆ ಕುಣಿದಾಡಿದರೆ ಬೈಟ್ ಕ್ರಮ ತಪ್ಪಿದೆ, ಇಲ್ಲವೇ ಒಂದು ಬೈಟ್ ಆಚೀಚೆ ಹಿಡಿದಿದ್ದೀರಿ.

ಒಂದು ಬೈಟ್ ಆಚೀಚೆ ಆಗುವುದಕ್ಕೆ ಸಾಮಾನ್ಯ ಕಾರಣ ಅಲೈನ್‌ಮೆಂಟ್, ಅಂದರೆ ಪ್ರತಿ ಫೀಲ್ಡ್ (ದಾಖಲೆಯ ಒಂದೊಂದು ಭಾಗ) ನಿಗದಿತ ಗುಣಕದ ಸ್ಥಾನದಲ್ಲೇ ಶುರುವಾಗಬೇಕು ಅನ್ನುವ ನಿಯಮ. ಸಿ ಭಾಷೆಯಲ್ಲಿ ಬರೆದ ಪ್ರೋಗ್ರಾಂ ತನ್ನ ಸ್ಟ್ರಕ್ಚರನ್ನು ಹಾಗೇ ಫೈಲಿಗೆ ಇಳಿಸಿದರೆ, ಫೀಲ್ಡ್‌ಗಳ ನಡುವೆ ಖಾಲಿ ಬೈಟ್ ಸೇರಿರುತ್ತದೆ. ಪೈಥಾನ್ ಭಾಷೆಯ ಸ್ಟ್ರಕ್ಟ್ ಮಾಡ್ಯೂಲ್‌ನಲ್ಲಿ ಓದುವಾಗ ಇದರದೇ ಉಲ್ಟಾ ತೊಂದರೆ ಇದೆ. ಲಿಟಲ್ ಎಂಡಿಯನ್ ಅಥವಾ ಬಿಗ್ ಎಂಡಿಯನ್ ಅನ್ನುವ ಗುರುತನ್ನು ಮೊದಲು ಹಾಕದೆ ಬಿಟ್ಟರೆ ಅದು ನಿಮ್ಮ ಮಷಿನ್‌ನ ಅಲೈನ್‌ಮೆಂಟ್ ಹಿಡಿದು, ಫೈಲಿನಲ್ಲಿ ಇಲ್ಲದ ಖಾಲಿ ಬೈಟನ್ನು ತಾನೇ ಲೆಕ್ಕಕ್ಕೆ ಸೇರಿಸುತ್ತದೆ. ಗುರುತು ಹಾಕಿಯೇ ಓದಿ.

ಐದೂವರೆ ಗಂಟೆಯ ತಪ್ಪು

ಬೈಟ್ ಕ್ರಮ ಸರಿಮಾಡಿದ ಮೇಲೂ ಪಾಡ್ಯಮಿಯ ಲಾರಿ ಮರುದಿನಕ್ಕೆ ಹೋಗಿತ್ತು. 18:47:22ಕ್ಕೆ ಐದೂವರೆ ಗಂಟೆ ಸೇರಿಸಿದರೆ 00:17:22. ಒಂದು ಸೆಕೆಂಡೂ ಆಚೀಚೆ ಇಲ್ಲ. ವ್ಯತ್ಯಾಸ ಇಷ್ಟು ಚೊಕ್ಕವಾಗಿ 5:30 ಇದ್ದರೆ ಬೈಟ್‌ಗಳ ಮೇಲೆ ಅನುಮಾನ ಬಿಟ್ಟುಬಿಡಿ. ತಪ್ಪು ಟೈಮ್ ಝೋನ್‌ನದು. ಇನ್ನು ಅದು ಯಾವ ಹಂತದಲ್ಲಿ ನಡೆಯಿತು ಅನ್ನೋದಷ್ಟೇ ಪ್ರಶ್ನೆ.

ಇದಕ್ಕೆ ಉತ್ತರ ಮೂಲ ಸಂಖ್ಯೆಯಲ್ಲೇ ಇದೆ. 18:47:22ರ ಚೀಟಿಗೆ ಫೈಲಿನಲ್ಲಿ 1699967842 ಇದ್ದರೆ ಹಳೆ ಪ್ರೋಗ್ರಾಂ ನಿಯಮದ ಪ್ರಕಾರ ಯುಟಿಸಿಯಲ್ಲೇ ಬರೆದಿದೆ. 1699987642 ಇದ್ದರೆ ಅದು ಗೋಡೆ ಗಡಿಯಾರದ ಸಮಯವನ್ನೇ ಯುಟಿಸಿ ಅಂದುಕೊಂಡು ಬರೆದಿದೆ. ಎರಡರ ಅಂತರ 19,800 ಸೆಕೆಂಡು, ಅದೇ ಐದೂವರೆ ಗಂಟೆ. ಹಳೆಯ ಪ್ರೋಗ್ರಾಂಗಳಲ್ಲಿ ಈ ಎರಡನೇ ಥರವೂ ಇದೆ. ಅಂಥ ಫೈಲಿಗೆ 5:30 ಸೇರಿಸಲೇಬಾರದು.

ನಮ್ಮ ಫೈಲಿನಲ್ಲಿ ಮೊದಲನೆಯದೇ ಇತ್ತು, ಅಂದರೆ ಫೈಲ್ ಸರಿಯಾಗಿತ್ತು. ಆಮೇಲೆ ಒಂದೊಂದೇ ಹಂತ ತೆರೆದು ನೋಡಿದೆ. ನನ್ನ ಓದುವ ಪ್ರೋಗ್ರಾಂ ಅದನ್ನು ಭಾರತದ ಸಮಯಕ್ಕೆ ತಿರುಗಿಸಿ 18:47:22 ಅಂತ ಬರೆಯುತ್ತಿತ್ತು. ಆದರೆ ಪಕ್ಕದಲ್ಲಿ ಝೋನ್ ಬರೆಯುತ್ತಿರಲಿಲ್ಲ. ಹೊಸ ಸಿಸ್ಟಂನ ಡೇಟಾಬೇಸ್ ಝೋನ್ ಇಲ್ಲದ ಸಮಯವನ್ನು ಯುಟಿಸಿ ಎಂದು ತೆಗೆದುಕೊಳ್ಳುತ್ತಿತ್ತು. ಕೊನೆಗೆ ಪರದೆ ಅದಕ್ಕೆ ಮತ್ತೊಮ್ಮೆ 5:30 ಸೇರಿಸುತ್ತಿತ್ತು. ಮೂರೂ ಹಂತ ತಮ್ಮ ತಮ್ಮ ಮಟ್ಟಿಗೆ ಸರಿಯೇ. ನಡುವೆ ಝೋನ್ ಬಿದ್ದುಹೋದದ್ದೇ ದೋಷ. ಸಂಜೆ 6:30ರ ಮೇಲೆ ತೂಕವಾದ ಪ್ರತಿಯೊಂದು ಲಾರಿಯೂ ಮರುದಿನದ ಲೆಕ್ಕಕ್ಕೆ ಹೋಗಿತ್ತು. ಹಗಲಿನ ಲಾರಿಗಳ ತಾರೀಖು ಸರಿ ಇದ್ದದ್ದರಿಂದ ಯಾರ ಗಮನಕ್ಕೂ ಬಂದಿರಲಿಲ್ಲ.

ಅಂತರ ಯಾವ ಕಡೆಗೆ ಅನ್ನೋದನ್ನು ನೋಡಿದರೆ ಬೇಗ ಗೊತ್ತಾಗುತ್ತದೆ. 5:30 ಮುಂದೆ ಹೋಗಿದ್ದರೆ ಒಂದು ಸಲ ಜಾಸ್ತಿ ಸೇರಿದೆ. 5:30 ಹಿಂದೆ ಇದ್ದರೆ ಸೇರಿಸಬೇಕಾದ್ದು ಸೇರಿಲ್ಲ, ಆಗ ಬೆಳಗಿನ ಜಾವದ ಲಾರಿಗಳು ಹಿಂದಿನ ದಿನಕ್ಕೆ ಜಾರಿರುತ್ತವೆ. 11 ಗಂಟೆ ವ್ಯತ್ಯಾಸ ಕಂಡರೆ ಎರಡು ಸಲ ಆಗಿದೆ. ಅಂಗಡಿಯ ಲ್ಯಾಪ್‌ಟಾಪ್‌ನಲ್ಲಿ ಸರಿ ಬಂದು ಸರ್ವರ್‌ನಲ್ಲಿ ಮಾತ್ರ ತಪ್ಪಿದರೆ, ಪ್ರೋಗ್ರಾಂ ಆ ಮಷಿನ್‌ನ ಝೋನ್ ನಂಬಿಕೊಂಡಿದೆ. ಪೈಥಾನ್‌ನ ಫ್ರಮ್‌ಟೈಮ್‌ಸ್ಟ್ಯಾಂಪ್‌ಗೆ ಝೋನ್ ಕೊಡದಿದ್ದರೆ ಹೀಗೇ ಆಗುವುದು. ದಾವಣಗೆರೆಯ ಲ್ಯಾಪ್‌ಟಾಪ್ ಭಾರತದ ಸಮಯದಲ್ಲಿರುತ್ತದೆ, ಕ್ಲೌಡ್ ಸರ್ವರ್ ಸಾಮಾನ್ಯವಾಗಿ ಯುಟಿಸಿಯಲ್ಲಿರುತ್ತದೆ.

ತಪ್ಪು ತಾರೀಖೇ ಸುಳಿವು ಕೊಡುತ್ತದೆ

ಕೆಲವು ತಾರೀಖು ಕಂಡ ಕೂಡಲೇ ಕಾರಣ ಹೇಳಬಹುದು.

1970ರ ಜನವರಿ 1, ಬೆಳಿಗ್ಗೆ 5:30. ಇದು ಸೊನ್ನೆ. ಜಾಗ ಖಾಲಿ ಇದೆ ಎಂದರ್ಥ. ನಮ್ಮ ಫೈಲಿನಲ್ಲಿ ಲಾರಿ ಖಾಲಿ ಮಾಡಿಕೊಂಡು ಟೇರ್ ತೂಕಕ್ಕೆ (ಖಾಲಿ ಲಾರಿಯ ತೂಕಕ್ಕೆ) ವಾಪಸ್ ಬರದಿದ್ದಾಗ ಎರಡನೇ ಸಮಯ ಸೊನ್ನೆಯಾಗಿಯೇ ಉಳಿದಿತ್ತು. ಇದನ್ನು ತಾರೀಖಾಗಿ ತೋರಿಸಬೇಡಿ, ಖಾಲಿ ಬಿಡಿ. 5:29:59 ಬಂದರೆ ಅದು ಮೈನಸ್ ಒಂದು. 2106ರ ಫೆಬ್ರವರಿ 7 ಬಂದರೆ ನಾಲ್ಕೂ ಬೈಟ್ ಪೂರ್ತಿ ತುಂಬಿವೆ. ಅದೂ ‘ಇಲ್ಲ’ ಅನ್ನುವ ಗುರುತೇ ಇರಬೇಕು.

1970ರ ಜನವರಿ 20ರ ಹತ್ತಿರ ಎಲ್ಲ ಲಾರಿಗಳೂ ಗುಂಪು ಕೂಡಿದ್ದರೆ, ಸೆಕೆಂಡನ್ನು ಮಿಲಿಸೆಕೆಂಡ್ ಅಂತ ಓದಿದ್ದೀರಿ. ನಮ್ಮ ಚೀಟಿ ಹಾಗೆ ಓದಿದರೆ ಜನವರಿ 20, ರಾತ್ರಿ 21:42:47 ಆಗುತ್ತದೆ. ಇದರ ಉಲ್ಟಾ ಆದರೆ 55,839ನೇ ಇಸವಿ ಬರುತ್ತದೆ. ಅಂಕಿ ಎಣಿಸಿದರೂ ಸಾಕು. ಈ ಕಾಲದ ತಾರೀಖು ಸೆಕೆಂಡಿನಲ್ಲಿ 10 ಅಂಕಿ, ಮಿಲಿಸೆಕೆಂಡಿನಲ್ಲಿ 13, ಮೈಕ್ರೋಸೆಕೆಂಡಿನಲ್ಲಿ 16, ನ್ಯಾನೋಸೆಕೆಂಡಿನಲ್ಲಿ 19.

2023ರ ತಾರೀಖಿಗೆ 18 ಅಂಕಿ ಬಂದು 133ರಿಂದ ಶುರುವಾದರೆ ಅದು ವಿಂಡೋಸ್‌ನ ಫೈಲ್‌ಟೈಮ್. 1601ರ ಜನವರಿ 1ರಿಂದ, ಒಂದು ಸೆಕೆಂಡಿಗೆ ಒಂದು ಕೋಟಿ ಎಣಿಕೆಯಂತೆ. ಒಂದು ಕೋಟಿಯಿಂದ ಭಾಗಿಸಿ 11644473600 ಕಳೆದರೆ ಯೂನಿಕ್ಸ್ ಸಮಯ ಸಿಗುತ್ತದೆ. ನಮ್ಮ ಚೀಟಿ ಅದರಲ್ಲಿ 133444414420000000. ಅದೇ 18 ಅಂಕಿ 638ರಿಂದ ಶುರುವಾದರೆ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಟಿಕ್ಸ್. ಅದರ ಎಣಿಕೆ ಒಂದನೇ ಇಸವಿಯಿಂದ.

ಚೊಕ್ಕವಾಗಿ 30 ವರ್ಷ ಹಿಂದೆ, ಅಂದರೆ 1993ರ ನವೆಂಬರ್ 14 ಬಂದರೆ, ಬರೆದವರು 2000ದಿಂದ ಎಣಿಸಿದ್ದಾರೆ. ಪೋಸ್ಟ್‌ಗ್ರೆಸ್ ಡೇಟಾಬೇಸ್‌ನ ಬೈನರಿ ಟೈಮ್‌ಸ್ಟ್ಯಾಂಪ್ ಹಾಗೆ, ಮೈಕ್ರೋಸೆಕೆಂಡಿನಲ್ಲಿ. ಚೊಕ್ಕವಾಗಿ 66 ವರ್ಷ ಮುಂದೆ, 2089ರ ನವೆಂಬರ್ 14 ಬಂದರೆ, ಎಣಿಕೆ 1904ರಿಂದ. ಎಂಪಿ4 ವಿಡಿಯೋದ ಒಳಗಿನ ಸಮಯ ಇದೇ ಲೆಕ್ಕದ್ದು. ವೇಬ್ರಿಡ್ಜ್ ಕ್ಯಾಮೆರಾದ ವಿಡಿಯೋವನ್ನು ಚೀಟಿಗೆ ಹೊಂದಿಸುವಾಗ ಇದು ನೆನಪಿರಲಿ.

45244.7829 ಥರ ದಶಮಾಂಶ ಸಂಖ್ಯೆ ಇದ್ದರೆ ಅದು ದಿನಗಳ ಎಣಿಕೆ, 1899ರ ಡಿಸೆಂಬರ್ 30ರಿಂದ. ಚುಕ್ಕಿಯ ಎಡಗಡೆಯದು ದಿನ, ಬಲಗಡೆಯದು ಆ ದಿನದ ಎಷ್ಟು ಭಾಗ ಕಳೆಯಿತು ಎಂಬುದು. ಎಕ್ಸೆಲ್ ಲೆಕ್ಕವೂ ಇದೇ. ಎಕ್ಸೆಲ್ 1900ರ ಫೆಬ್ರವರಿಯಲ್ಲಿ ಇಲ್ಲದ 29ನೇ ತಾರೀಖನ್ನು ಎಣಿಸುತ್ತದೆ, ಅದಕ್ಕೇ ಈ ಡಿಸೆಂಬರ್ 30. 1462 ದಿನ ವ್ಯತ್ಯಾಸ ಬಂದರೆ ಒಂದು ಕಡೆ 1900ರ ಪದ್ಧತಿ, ಇನ್ನೊಂದು ಕಡೆ 1904ರ ಪದ್ಧತಿ ಇದೆ.

ಲಾರಿಗಳ ಜಿಪಿಎಸ್ ಪೆಟ್ಟಿಗೆಯ ಡೇಟಾದಲ್ಲಿ ಬೇರೆ ಎರಡು ಕಾಣುತ್ತವೆ. ಜಿಪಿಎಸ್ ಎಣಿಕೆ 1980ರ ಜನವರಿ 6ರಿಂದ, ಯುಟಿಸಿಗೆ ಆಗಾಗ ಸೇರಿಸಿದ ಲೀಪ್ ಸೆಕೆಂಡ್ ಅದಕ್ಕೆ ಸೇರುವುದಿಲ್ಲ. 2017ರಿಂದ ಅದು ಯುಟಿಸಿಗಿಂತ 18 ಸೆಕೆಂಡು ಮುಂದಿದೆ. ಹಳೆ ಸಂಕೇತದಲ್ಲಿ ವಾರದ ಸಂಖ್ಯೆಗೆ 10 ಬಿಟ್ ಮಾತ್ರ (ಒಂದು ಬೈಟ್ ಅಂದರೆ 8 ಬಿಟ್). 1024 ವಾರಕ್ಕೊಮ್ಮೆ ಸೊನ್ನೆಗೆ ಮರಳುತ್ತದೆ. ಕೊನೆಯ ಸಲ ಮರಳಿದ್ದು 2019ರ ಏಪ್ರಿಲ್‌ನಲ್ಲಿ. ಇದನ್ನು ಗಮನಿಸದ ಪೆಟ್ಟಿಗೆ 2023ರ ನವೆಂಬರ್ 14ನ್ನು 2004ರ ಮಾರ್ಚ್ 30 ಎಂದು ತೋರಿಸುತ್ತದೆ. 7,168 ದಿನ ಕೂಡಿಸಿದರೆ ಸರಿಹೋಗುತ್ತದೆ.

ಸೆಕೆಂಡು ಯಾವಾಗಲೂ ಸಮ ಸಂಖ್ಯೆ

ಚಳ್ಳಕೆರೆ ಕಡೆಯ ಒಂದು ಎಣ್ಣೆ ಮಿಲ್‌ನಲ್ಲಿ ಶೇಂಗಾ ಲಾರಿಗಳ ಹಳೆ ಲೆಕ್ಕ ತೆಗೆಯಬೇಕಿತ್ತು. ಯೂನಿಕ್ಸ್ ಸಂಖ್ಯೆ ಹುಡುಕಿದರೆ ಏನೂ ಸಿಗಲಿಲ್ಲ. ಅಲ್ಲಿನ ಚೀಟಿಗಳನ್ನು ಮೇಜಿನ ಮೇಲೆ ಹರಡಿ ನೋಡಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಮರುಮುದ್ರಣ ಮಾಡಿದ ಚೀಟಿಗಳಲ್ಲಿ ಸೆಕೆಂಡು 04, 22, 38, 50 ಹೀಗೇ ಇತ್ತು. ಬೆಸ ಸಂಖ್ಯೆ ಒಂದೂ ಇರಲಿಲ್ಲ. ಅದು ವಿಂಡೋಸ್‌ಗೆ ಮುಂಚಿನ ಡಾಸ್‌ನ ಪದ್ಧತಿ. ಜಿಪ್ ಫೈಲ್, ಪೆನ್ ಡ್ರೈವ್‌ನ ಫ್ಯಾಟ್ ವ್ಯವಸ್ಥೆ ಎರಡರಲ್ಲೂ ಇದೇ ಇದೆ.

ಇಲ್ಲಿ ಎಣಿಕೆ ಅನ್ನೋದೇ ಇಲ್ಲ. ಎರಡು ಬೈಟಿನಲ್ಲಿ ತಾರೀಖನ್ನು, ಇನ್ನೆರಡರಲ್ಲಿ ಸಮಯವನ್ನು ಒತ್ತಿ ತುಂಬಿರುತ್ತಾರೆ. ವರ್ಷಕ್ಕೆ 7 ಬಿಟ್ (1980ರಿಂದ), ತಿಂಗಳಿಗೆ 4, ದಿನಕ್ಕೆ 5. ಗಂಟೆಗೆ 5, ನಿಮಿಷಕ್ಕೆ 6, ಸೆಕೆಂಡಿಗೆ ಉಳಿದದ್ದು 5 ಮಾತ್ರ. 5 ಬಿಟ್‌ನಲ್ಲಿ 31ರವರೆಗೆ ಮಾತ್ರ ಎಣಿಸಬಹುದು, ಹಾಗಾಗಿ ಸೆಕೆಂಡನ್ನು ಅರ್ಧ ಮಾಡಿ ಇಡುತ್ತಾರೆ. ಬೆಸ ಸೆಕೆಂಡು ಅಲ್ಲೇ ಕಳೆದುಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಮೊದಲ ಸಲ ಅಚ್ಚಾದ ಚೀಟಿಗೂ ಫೈಲಿಗೂ ಒಂದು ಸೆಕೆಂಡು ವ್ಯತ್ಯಾಸ ಬಂದರೆ ಗಾಬರಿ ಬೇಡ.

ಕೈಲೆಕ್ಕದಲ್ಲೇ ಬಿಡಿಸಬಹುದು. ನಮ್ಮ ಪಾಡ್ಯಮಿಯ ಲಾರಿಯನ್ನೇ ತೆಗೆದುಕೊಳ್ಳೋಣ. ಈ ಪದ್ಧತಿಯಲ್ಲಿ ಅದರ ತಾರೀಖು 22382, ಸಮಯ 38379. 22382ನ್ನು 512ರಿಂದ ಭಾಗಿಸಿದರೆ 43, ಶೇಷ 366. 1980ಕ್ಕೆ 43 ಸೇರಿಸಿದರೆ 2023. 366ನ್ನು 32ರಿಂದ ಭಾಗಿಸಿದರೆ 11, ಶೇಷ 14. ನವೆಂಬರ್ 14 ಬಂತು. 38379ನ್ನು 2048ರಿಂದ ಭಾಗಿಸಿದರೆ 18, ಶೇಷ 1515. 1515ನ್ನು 32ರಿಂದ ಭಾಗಿಸಿದರೆ 47, ಶೇಷ 11. ಹನ್ನೊಂದರ ಎರಡರಷ್ಟು 22. ಒಟ್ಟಿಗೆ 18:47:22.

ಈ ಪದ್ಧತಿಯಲ್ಲಿ ಝೋನ್ ಇಲ್ಲ. ಗೋಡೆ ಗಡಿಯಾರದ ಸಮಯವನ್ನೇ ಬರೆಯುವುದು ರೂಢಿ. ಇದಕ್ಕೆ 5:30 ಸೇರಿಸಲು ಹೋಗಬೇಡಿ.

ಹತ್ತರಿಂದಾಚೆ ಕೆಡುವ ತಾರೀಖು

ತೂಕದ ಇಂಡಿಕೇಟರ್ ಪೆಟ್ಟಿಗೆಯಿಂದ ನೇರವಾಗಿ ಡೇಟಾ ತೆಗೆದಾಗ ಇದು ಬರುತ್ತದೆ. ಒಂದರಿಂದ ಒಂಬತ್ತನೇ ತಾರೀಖಿನವರೆಗೆ ಎಲ್ಲ ಸರಿ. ಹತ್ತನೇ ತಾರೀಖು 16 ಆಗುತ್ತದೆ, ಹದಿನಾಲ್ಕು 20 ಆಗುತ್ತದೆ, ನಿಮಿಷ 71 ಅಂತ ತೋರಿಸುತ್ತದೆ. ಒಳಗಿನ ಗಡಿಯಾರದ ಚಿಪ್, ಉದಾಹರಣೆಗೆ ಡಿಎಸ್1307, ಅಂಕಿಗಳನ್ನು ಬಿಸಿಡಿಯಲ್ಲಿ ಇಡುತ್ತದೆ. ಒಂದು ಬೈಟಿನಲ್ಲಿ ಹತ್ತರ ಅಂಕಿ ಒಂದು ಅರ್ಧಕ್ಕೆ, ಬಿಡಿಯ ಅಂಕಿ ಇನ್ನೊಂದು ಅರ್ಧಕ್ಕೆ. ಹೆಕ್ಸ್‌ನಲ್ಲಿ 47 ಅಂತ ಕಂಡರೆ ಅದು 47 ನಿಮಿಷವೇ, 71 ಅಲ್ಲ. ತಿಂಗಳ ಮೊದಲ ವಾರದಲ್ಲಿ ಪರೀಕ್ಷೆ ಮಾಡಿ ಸರಿ ಅಂತ ಬಿಟ್ಟುಬಂದರೆ ಎರಡನೇ ವಾರ ಫೋನ್ ಬರುತ್ತದೆ.

ಡಿಕೋಡಿಂಗ್ ದೋಷವೇ ಅಲ್ಲದ್ದು

ಚೀಟಿ ನಂಬರ್ ಏರುತ್ತಾ ಹೋಗುತ್ತದೆ, ಆದರೆ ದಿನಾ ಬೆಳಿಗ್ಗೆ ತಾರೀಖು ಒಂದೇ ಹಳೆ ದಿನಕ್ಕೆ ಮರಳಿ ಅಲ್ಲಿಂದ ಶುರುವಾಗುತ್ತದೆ. ಇದು ಮದರ್‌ಬೋರ್ಡ್‌ನ ಸೆಲ್ ಮುಗಿದಿರುವ ಲಕ್ಷಣ. ಸಿಆರ್2032 ಸೆಲ್ ಬದಲಿಸಿದರೆ ಮುಂದಿನದು ಸರಿಹೋಗುತ್ತದೆ. ಹಿಂದಿನ ಚೀಟಿಗಳಲ್ಲೂ ಫೈಲಿನಲ್ಲೂ ಅದೇ ತಪ್ಪು ತಾರೀಖು ಇರುತ್ತದೆ, ಯಾಕೆಂದರೆ ಎರಡೂ ಒಂದೇ ಗಡಿಯಾರದಿಂದ ಬಂದವು. ಅವನ್ನು ಲೆಕ್ಕ ಹಾಕಿ ತಿದ್ದಲು ಹೋಗಬೇಡಿ. ಖರೀದಿದಾರರ ಬಿಲ್ ಅಥವಾ ದಿನಚರಿ ಪುಸ್ತಕ ನೋಡಿ ಪಕ್ಕದಲ್ಲಿ ಬೇರೆ ಕಾಲಂನಲ್ಲಿ ಬರೆಯಿರಿ.

2038ರ ವಿಷಯವನ್ನೂ ಕೇಳುತ್ತಾರೆ. ಸೈನ್ (ಪ್ಲಸ್, ಮೈನಸ್ ಗುರುತು) ಇರುವ ನಾಲ್ಕು ಬೈಟಿನ ಯೂನಿಕ್ಸ್ ಸಮಯ 2038ರ ಜನವರಿ 19, ನಮ್ಮ ಬೆಳಿಗ್ಗೆ 8:44:07ಕ್ಕೆ ತುಂಬಿ, ಮರುಕ್ಷಣ 1901ಕ್ಕೆ ಹೋಗುತ್ತದೆ. ತೂಕದ ಚೀಟಿಗೆ ಅದು ಇನ್ನೂ ದೂರ. ಆದರೆ ಲೈಸೆನ್ಸ್, ವಾರಂಟಿ, ಸಾಲದ ಕೊನೆಯ ದಿನಾಂಕ ಇರುವ ಫೈಲ್‌ಗಳಲ್ಲಿ ಈಗಲೇ 1901 ಕಂಡರೆ ಆಶ್ಚರ್ಯವಿಲ್ಲ. ಓದುವಾಗ ಸೈನ್ ಇಲ್ಲದ ಸಂಖ್ಯೆಯಾಗಿ ಓದಿ ನೋಡಿ.

ಸರಿಮಾಡಿದ್ದು ಹೀಗೆ

ನಮ್ಮ ವೇಬ್ರಿಡ್ಜ್‌ನ ಡೇಟಾವನ್ನು ಪರದೆಯ ಮೇಲೆ 5:30 ಕಳೆದು ತಿದ್ದಬಹುದಿತ್ತು. ಹಾಗೆ ಮಾಡಲಿಲ್ಲ. ಆಗ ಹೊಸದಾಗಿ ಬರುವ ಲಾರಿಗಳ ಸಮಯ ಕೆಡುತ್ತಿತ್ತು. ಹಳೆ ಫೈಲಿನಿಂದ ತುಂಬಿದ 24,516 ದಾಖಲೆಗಳನ್ನು ತೆಗೆದುಹಾಕಿ, ಮೂಲ ಫೈಲಿನಿಂದ ಮತ್ತೆ ತುಂಬಿದೆ. ಈ ಸಲ ಮೂರು ಕಾಲಂ ಇಟ್ಟೆ. ಒಂದರಲ್ಲಿ ಫೈಲಿನ ಸಂಖ್ಯೆ ಇದ್ದ ಹಾಗೇ, 1699967842. ಎರಡನೆಯದರಲ್ಲಿ ಝೋನ್ ಸಮೇತ ಯುಟಿಸಿ ಸಮಯ. ಮೂರನೆಯದರಲ್ಲಿ ಭಾರತದ ತಾರೀಖು ಮಾತ್ರ. ದಿನದ ಲೆಕ್ಕ, ದರದ ಹೊಂದಾಣಿಕೆ ಎಲ್ಲ ಮೂರನೆಯದರಿಂದ ಆಗುತ್ತದೆ. ಯಾವತ್ತಾದರೂ ಅನುಮಾನ ಬಂದರೆ ಮೊದಲನೆಯದು ಇದೆ.

ತುಂಬಿದ ಮೇಲೆ ಪೆಟ್ಟಿಗೆಯಲ್ಲಿದ್ದ ಹಳೆ ಚೀಟಿಗಳ ಕಟ್ಟು ಬಿಚ್ಚಿ, ಸಂಜೆಯವು ಹದಿನೈದು, ಬೆಳಗಿನ ಜಾವದವು ಹತ್ತು, ಒಂದೊಂದಾಗಿ ಪರದೆಗೆ ಹೋಲಿಸಿದೆವು. ಆಪರೇಟರ್ ಹುಡುಗ ಚೀಟಿ ಓದಿದ, ನಾನು ಪರದೆ ಓದಿದೆ. ಇಪ್ಪತ್ತೈದೂ ಸೆಕೆಂಡಿನ ಮಟ್ಟಕ್ಕೆ ಕೂಡಿಬಂದವು. ಪಾಡ್ಯಮಿಯ ರೈತರಿಗೆ ಫೋನ್ ಮಾಡಿ ಕರೆಸಿ, 24,102 ಹೊಡೆದು ತೋರಿಸಿದೆ. 14-11-2023, 18:47:22. ಅವರು ಜೇಬಿನಿಂದ ತಮ್ಮ ಚೀಟಿ ತೆಗೆದು ಪರದೆಯ ಪಕ್ಕ ಹಿಡಿದು ನೋಡಿದರು. ಆಮೇಲೆ ಯಜಮಾನರ ಕಡೆ ತಿರುಗಿ, "ಈಗ ಅವತ್ತಿನ ದರ ಹಾಕ್ರಿ" ಅಂದರು.